ಉಗಾಂಡದ ಹುಡುಗರ ಮುಂದೆ ನಮ್ಮ ದೊಡ್ಡಪ್ಪ

ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯಲ್ಲಿ ಒಂದು ಕಂಬವಿದೆ. ಯುಗಾದಿಯಿಂದ ಈಚೆಗೆ ಗಂಡ ಹೆಂಡತಿ ಮಾತಾಡುವುದೆಲ್ಲ ಅದರ ಜೊತೆಗೇ.

"ಏ ಕಂಬ, ಸಾರ್‍ಗೆ ಉಪ್ಪಿಲ್ಲ" ಎನ್ನುತ್ತಾರೆ ದೊಡ್ಡಪ್ಪ.

"ಏ ಕಂಬ, ನಾಲ್ಗೆ ಸತ್ತೋರ್ಗೆ ಉಪ್ಪು ಎಲ್ಲಿ ಗೊತ್ತಾದದು?" ಎನ್ನುತ್ತಾರೆ ದೊಡ್ಡಮ್ಮ.

ಜಗಳ ಮಗಳು ಪಾರ್ವತಿಯದು. ಮೈಸೂರಿನಲ್ಲಿ ಅವಳಿಗೆ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ. ಚಾಮರಾಜನಗರದಲ್ಲಿ ದವಸದ ಮಂಡಿ ಇಟ್ಟಿರುವ ದೊಡ್ಡಪ್ಪ ಸುತರಾಂ ಒಪ್ಪಲಿಲ್ಲ. "ಕಂಡೋರ ಗಾಯ ತೊಳಿಯಕ್ಕೆ ನನ್ನ ಮಗಳೇ ಆಗ್ಬೇಕಾ?" ದೊಡ್ಡಮ್ಮ ಕಳಿಸಿಯೇ ತೀರುತ್ತೇನೆಂದರು. ಸೇರುವ ದಿನ ಹತ್ತಿರ ಬಂತು. ಕಂಬ ಯಾವ ತೀರ್ಪನ್ನೂ ಕೊಡಲಿಲ್ಲ.

ಕಳೆದ ವಾರ ದೊಡ್ಡಮ್ಮ ನನ್ನನ್ನು ಹಿತ್ತಿಲಿಗೆ ಕರೆದು ಪಿಸುಗುಟ್ಟಿದರು. "ಗೋಪಾಲಸ್ವಾಮಿ ಬೆಟ್ಟಕ್ಕೆ ಓಯ್ತೀನಿ ಅಂತ ಕಂಬುಕ್ಕೆ ಹೇಳಿವ್ನಿ. ನಾವು ಓಗದು ಬ್ಯಾರೆ ಕಡೀಕೆ ಕಣಪ್ಪ."

ಬೇರೆ ಕಡೆ ಎಂದರೆ? ಗುಂಡ್ಲುಪೇಟೆಯ ಆಚೆಗೆ ಒಂದು ಪುಟ್ಟ ಇಗರ್ಜಿ, ಕ್ರೈಸ್ತರ ಗುಡಿ! ಮಂಡಿಗೆ ಬರುವ ಲಾರಿ ಡ್ರೈವರ್ ಮತ್ತಾಯಿ (ಮಲೆಯಾಳದವನು, ಈಗ ಕೇರಳ ಎನ್ನಬೇಕಂತೆ) ಮಜ್ಜಿಗೆ ಕುಡಿಯುತ್ತಾ ಹೇಳಿದ್ದನಂತೆ. ಅಲ್ಲಿ ಆಫ್ರಿಕದ ಹುಡುಗರ ಪಟ ಇದೆ, ರಾಜನಿಗೇ ಹೆದರದೆ ಪ್ರಾಣ ಕೊಟ್ಟವರು, ಜೂನ್ ತಿಂಗಳಲ್ಲಿ ಅವರ ಹಬ್ಬ, ಕೇಳಿದ್ದು ಕೊಡುತ್ತಾರೆ ಎಂದು.

"ದೊಡ್ಡಮ್ಮ, ಕೊರಳಲ್ಲಿ ಲಿಂಗ ಇದೆಯಲ್ಲ?"

"ಇರ್ಲಿ ಬುಡು. ಲಿಂಗಕ್ಕೆ ಏಳಿ ಏಳಿ ಸಾಕಾಗೋಯ್ತು."

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದೆವು. ಎರಡನೆಯ ಬಸ್ಸಿನಲ್ಲಿ ಈರುಳ್ಳಿ ಮೂಟೆಗಳಿಗೆ ಸೀಟು ಸಿಕ್ಕಿತು, ನಮಗೆ ಸಿಗಲಿಲ್ಲ.

ಇಗರ್ಜಿಯ ಮುಂದೆ ಸಾಲು. ನೋಡಿದರೆ ಅರ್ಧಕ್ಕರ್ಧ ಹಣೆಗಳಲ್ಲಿ ವಿಭೂತಿ, ಕುಂಕುಮ! ಒಳಗೆ ದೊಡ್ಡ ಪಟ. ಬಿಳಿ ಬಟ್ಟೆ ಉಟ್ಟ ಕಪ್ಪು ಹುಡುಗರು, ತಲೆಯ ಸುತ್ತ ಬಂಗಾರದ ಬಳೆಯಂಥ ಬೆಳಕು. ಜನ ಪಟ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೈ ಮುಗಿಯುತ್ತಿದ್ದರು. (ಹೆಣ್ಣು ನೋಡಲು ಹೋದಾಗ "ಬಣ್ಣ ಒಂಚೂರು ಕಮ್ಮಿ" ಎಂದು ಉಪ್ಪಿಟ್ಟು ತಿಂದು ಎದ್ದು ಬರುವವರೂ ಇವರೇ ತಾನೆ?)

ದೊಡ್ಡಮ್ಮ ಪಟದ ಹತ್ತಿರ ಹೋಗಿ ದಿಟ್ಟಿಸಿದರು. "ಅಯ್ಯೋ, ಎಳೇ ಮಕ್ಳು ಕಣಪ್ಪ! ಇನ್ನೂ ಮೀಸೆ ಬಂದಿಲ್ಲ."

ಪಾದ್ರಿಗಳು ಹತ್ತಿರ ಬಂದರು. ಕೆಲಕಾಲ ಆಫ್ರಿಕದಲ್ಲಿ ಇದ್ದು ಬಂದವರು. ಪಟ ತಂದವರೂ ಅವರೇ. ಉಗಾಂಡ ಎಂಬ ದೇಶದ ರಾಜನ ಅರಮನೆಯಲ್ಲಿ ಊಳಿಗ ಮಾಡುತ್ತಿದ್ದ ಹುಡುಗರಿವರು, ನಂಬಿದ ದೇವರನ್ನು ಬಿಡಿ ಎಂದು ರಾಜ ಅಪ್ಪಣೆ ಮಾಡಿದ, ಬಿಡಲಿಲ್ಲ, ಬೆಂಕಿಗೆ ಹಾಕಿಸಿದ ಎಂದು ವಿವರಿಸಿದರು.

"ಕಲ್ಯಾಣದಲ್ಲಿ ನಮ್ಮ ಶರಣರ್ನೂ ರಾಜ ಇಂಗೇ ಎಳೆಸಿ ಕೊಲ್ಲಿಸ್ಲಿಲ್ವಾ?" ಎಂದರು ದೊಡ್ಡಮ್ಮ. ಅಲ್ಲಿಗೆ ಅವರಿಗೆ ಹುಡುಗರು ನೆಂಟರಾಗಿಬಿಟ್ಟರು.

"ಆದರೆ ಅಮ್ಮಾ, ಇವರಿಗೆ ಸಂತರ ಪದವಿ ಇನ್ನೂ ಆಗಿಲ್ಲ. ಪುಣ್ಯವಂತರು ಅಂತ ಮಾತ್ರ ಸಾರಿದ್ದಾರೆ. ರೋಮಿನಲ್ಲಿ ಇನ್ನೂ ವಿಚಾರಣೆ ಆಗಬೇಕು."

"ಬೆಂಕೀಲಿ ಬೆಂದ ಮಕ್ಳಿಗೆ ಇನ್ನೆಂತಾ ಪರೀಕ್ಸೆ, ಬುದ್ಧಿ?"

(ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಇದನ್ನು ಓದಿದರೆ ಸಮಾಧಾನಪಡಲಿ. ಪ್ರಮೋಷನ್ ಫೈಲು ಅಲ್ಲೂ ನಿಧಾನವೇ.)

ಆಗ ಪಟದ ಆಚೆ ಬದಿಯಿಂದ ಒಂದು ಗಂಟಲು ಕೇಳಿಸಿತು. ಸಂತೆಮರಹಳ್ಳಿ ಸಂತೆಯಲ್ಲಿ ರಾಗಿ ಕೂಗಿ ಪಳಗಿದ ಗಂಟಲು. ಮೆಲ್ಲಗೆ ಬೇಡಿಕೊಳ್ಳುವುದೇ ಅದಕ್ಕೆ ಗೊತ್ತಿಲ್ಲ.

"ಸ್ವಾಮಿ, ನನ್ ಎಂಡ್ರಿಗೆ ಒಸಿ ಒಳ್ಳೆ ಬುದ್ಧಿ ಕೊಡ್ರಪ್ಪ. ಮಗಳ್ನ ನರ್ಸ್ ಮಾಡ್ತೀನಿ ಅಂತ ಕುಂತವ್ಳೆ!"

ತಲೆಗೆ ವಲ್ಲಿ ಸುತ್ತಿಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು, ಮಂಡಿ ಊರಿ ಕುಳಿತವರು ಯಾರು? ಮಂಡಿ ಇಟ್ಟ ನಮ್ಮ ದೊಡ್ಡಪ್ಪ! ಮತ್ತಾಯಿ ಮಜ್ಜಿಗೆಯನ್ನು ಮನೆಯಲ್ಲಿ ಕುಡಿದಿದ್ದ, ಕತೆಯನ್ನು ಮಂಡಿಯಲ್ಲೂ ಹೇಳಿದ್ದ.

"ಬುದ್ಧಿ ಯಾರ್ಗೆ ಬೇಕು ಅನ್ನದ್ನ ಅವ್ರೇ ನೋಡ್ಕತಾರೆ, ನೀವು ಎದ್ದೇಳಿ!" ಎಂದರು ದೊಡ್ಡಮ್ಮ.

ದೊಡ್ಡಪ್ಪ ತಿರುಗಿದರು. ಮೇಣ ಬೆರಳ ಮೇಲೆ ಸುರಿದದ್ದೂ ಗೊತ್ತಾಗಲಿಲ್ಲ. "ನೀನು ಬೆಟ್ಟಕ್ಕೆ ಓಗಿಲ್ವಾ?"

"ಈರುಳ್ಳಿ ನೋಡಕ್ಕೆ ಅಂತ ಕಂಬುಕ್ಕೆ ಏಳಿದ್ರಿ, ನೀವು ಓಗಿಲ್ವಾ?"

ಸುತ್ತಲಿನವರು ಪ್ರಾರ್ಥನೆ ನಿಲ್ಲಿಸಿ ಕಿವಿಗೊಟ್ಟರು. ನನಗೋ ನಗು ತಡೆಯಲು ವಲ್ಲಿ ಬಾಯಿಗೆ ತುರುಕುವ ಪರಿಸ್ಥಿತಿ. ಯುಗಾದಿಯ ನಂತರ ಅವರಿಬ್ಬರೂ ಕಂಬವಿಲ್ಲದೆ ಮಾತಾಡಿದ್ದು ಅದೇ ಮೊದಲು!

ದೊಡ್ಡಪ್ಪ ನ್ಯಾಯಕ್ಕೆ ಪಾದ್ರಿಗಳನ್ನೇ ಹಿಡಿದರು. "ಬುದ್ಧಿ, ನೀವೇ ಏಳಿ. ಈ ಐಕ್ಳು ರಾಜನ್ ಮಾತು ಮೀರಿದ್ರು, ಸರಿ. ಅಪ್ಪನ್ ಮಾತು ಮೀರಿದ್ರಾ?"

ಪಾದ್ರಿಗಳು ಪಟದಲ್ಲಿದ್ದ ಒಬ್ಬ ಹುಡುಗನನ್ನು ತೋರಿಸಿದರು. "ಇವನನ್ನು ಸಾಕಿದ ಅಪ್ಪನೇ ಕೊಲ್ಲುವವರ ಮುಖಂಡ. ಒಂದು ಮಾತು 'ಬಿಟ್ಟೆ' ಅನ್ನು ಮಗನೇ, ಎಲ್ಲಾದರೂ ಬಚ್ಚಿಡುತ್ತೇನೆ ಅಂತ ಗೋಗರೆದ. ಹುಡುಗ ಒಪ್ಪಲಿಲ್ಲ."

"ಅಪ್ಪನೇ?"

"ಅಪ್ಪನೇ."

ದೊಡ್ಡಪ್ಪ ಆ ಹುಡುಗನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಬತ್ತಿಯನ್ನು ಅವನ ಮುಂದೆ ನಿಲ್ಲಿಸಿ, ಮತ್ತೇನೂ ಕೇಳದೆ ಹೊರಗೆ ಬಂದರು.

ವಾಪಸು ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕುಳಿತರು. ತೆರಕಣಾಂಬಿ ದಾಟಿದ ಮೇಲೆ ದೊಡ್ಡಪ್ಪ ಕೆಮ್ಮಿದರು. "ಮನೇಗ್ ಓಗಿ ನಾನೇ ಏಳ್ತೀನಿ, ಓಗವ್ವ ಅಂತ. ನೀನು ಮೊದ್ಲೇ ಬಾಯ್ ಬುಡ್ಬೇಡ." ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ಔದಾರ್ಯದ ಭಾಷಣಕ್ಕೂ ರಿಹರ್ಸಲ್ ಬೇಡವೇ?

ಮನೆಗೆ ಬಂದೆವು. ಪಡಸಾಲೆಯಲ್ಲಿ ಪಾರ್ವತಿ. ಪಕ್ಕದಲ್ಲಿ ಹಗ್ಗ ಬಿಗಿದ ಟ್ರಂಕು.

ದೊಡ್ಡಪ್ಪ ಬಾಯಿ ತೆರೆಯುವ ಮುಂಚೆಯೇ ಅವಳು ಎದ್ದು ನಿಂತಳು. "ಅಪ್ಪ, ನಾಳೆ ಬೆಳಗಿನ್ ರೈಲ್ಗೆ ಓಯ್ತೀನಿ. ಹರಸಿ ಕಳಿಸಿದ್ರೂ ಸರಿ, ಬೈದು ಕಳಿಸಿದ್ರೂ ಸರಿ." ಒಂದು ಕೈ ಟ್ರಂಕಿನ ಹಗ್ಗದ ಮೇಲಿತ್ತು. ಕಾಲು ಕದಲಲಿಲ್ಲ.

ಪಾಪ, ದೊಡ್ಡಪ್ಪನ ಭಾಷಣ! ಅದನ್ನು ಅಲ್ಲೇ ಬಿಟ್ಟು ಟ್ರಂಕನ್ನು ಒಂದು ಕೈಯಲ್ಲಿ ಎತ್ತಿ ಭಾರ ನೋಡಿದರು. "ಇದ್ನ ನೀನೆಲ್ಲಿ ಹೊತ್ತೀಯೆ? ಟೇಸನ್ ಗಂಟ ನಾನೇ ತತ್ತೀನಿ ಬುಡು."

ಮೆಲ್ಲಗೆ ಪಾರ್ವತಿಯನ್ನು ಕೇಳಿದೆ. "ನೀನು ಯಾವ ದೇವರಿಗೆ ಹರಕೆ ಹೊತ್ತಿದ್ದೆ?"

"ಹರಕೆ ಯಾಕಣ್ಣ? ಬಟ್ಟೆ ಮಡಿಸಿದ್ರೆ ಸಾಲ್ದಾ?"

ಈಗ ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ತಮ್ಮ ತಮ್ಮ ಹರಕೆಯೇ ಫಲಿಸಿತು ಎಂದು ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ. (ದೊಡ್ಡಪ್ಪ ಬೇಡಿಕೊಂಡದ್ದು ಇದರ ತಿರುಗುಮುರುಗು ಎಂದು ನಾನು ನೆನಪಿಸಲು ಹೋಗಿಲ್ಲ.) ಆ ಹುಡುಗರ ಕುಲಕ್ಕೆ ಸೇರಿದವರು ಆ ಮನೆಯಲ್ಲಿ ನಿಜವಾಗಿ ಯಾರು, ನೀವೇ ಹೇಳಿ?