ಏಳದೆ ಕೂತ ವಿಷ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಗೂಡು ಕಟ್ಟುವ ಹೊತ್ತು ಬಂತೆಂದರೆ ಮನುಷ್ಯರಿಗೆ ಕಿಮ್ಮತ್ತಿರಲಿಲ್ಲ. ನಡುಮನೆ ತುಂಬ ಹುಳುವಿನ ತಟ್ಟೆಗಳು. ಘಾಟು ಬರುವಂತೆ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆಂದು ಹೊನ್ನೂರಿನ ಪಕ್ಕದ ನಮ್ಮೂರಿಗೆ ಬಂದಿದ್ದೆ. ಕಿಣ್ವಗಳ ಪಾಠ ಉರು ಹೊಡೆಯುತ್ತ ದಿನವಿಡೀ ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ.

ಆ ಮಧ್ಯಾಹ್ನ ಅವ್ವ, ಅಜ್ಜಿ, ನಾನು ಒಳಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದೆವು. ಗದ್ದೆಗೆ ಔಷಧಿ ಹೊಡೆದು ಬಂದ ಅಪ್ಪ ಹೊರಗಿನಿಂದಲೇ ಕೂಗಿದ: "ಸೊಪ್ಪಾಕೋದು ಮುಗೀಲಿ. ಆಮೇಕೆ ನೀರು ಕೊಡ್ರವ್ವ, ಇಲ್ಲೇ ತೊಳ್ಕತೀನಿ." ಬಚ್ಚಲಿಗೆ ನಡುಮನೆ ದಾಟಿಯೇ ಹೋಗಬೇಕು. ಔಷಧಿಯ ಗಾಳಿ ಸೋಕಿದರೂ ಹುಳು ಸಾಯುತ್ತವೆಂದು ಊರಿಗೆಲ್ಲ ಗೊತ್ತಿತ್ತು. ಬೆನ್ನ ಮೇಲಿನ ಪಂಪು ಸೋರಿ ಅಂಗಿಯೆಲ್ಲ ತೊಯ್ದಿರುವುದು ಮಾತ್ರ ನಮಗೆ ಗೊತ್ತಿರಲಿಲ್ಲ. ಅದೇ ಅಂಗಿಯಲ್ಲಿ ಅವನು ಜಗುಲಿಗೆ ಒರಗಿಬಿಟ್ಟಿದ್ದ.

ನಾವು ಹೊರಬಂದಾಗ ಅಪ್ಪನ ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು, ತೋಳಿನ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು. "ಬಿಸ್ಲು ಬಡ್ದದೆ, ಮಜ್ಗೆ ಕೊಡಿ" ಎಂದಳು ಅಜ್ಜಿ. ಕುಡಿಸಿದ್ದೆಲ್ಲ ವಾಂತಿಯಾಯಿತು. ಕಬ್ಬಿನ ಲಾರಿಯೊಂದನ್ನು ಅಡ್ಡಹಾಕಿ ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸಿದೆವು. ದಾರಿಯುದ್ದಕ್ಕೂ ಡ್ರೈವರನ ಜೀವ ತಿಂದೆ.

ಡಾಕ್ಟರು ಅಂಗಿ ಕಿತ್ತೆಸೆದು, ಸೋಪು ಹಚ್ಚಿ ಮೈ ತೊಳೆಸಿದರು. ರೆಪ್ಪೆ ಬಿಡಿಸಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಸೂಜಿಯ ಮೇಲೆ ಸೂಜಿ. ಅವರು ಹೋದಲ್ಲೆಲ್ಲ ನಾನೂ ಹಿಂದೆ ಹಿಂದೆ. ಕಾಟ ತಡೆಯಲಾರದೆ, ನಾನು ಏನು ಓದುತ್ತಿದ್ದೇನೆಂದು ವಿಚಾರಿಸಿಕೊಂಡು, ಕೇಳಿದರು: "ಕಿಣ್ವ ಓದಿದ್ದೀಯಲ್ಲಮ್ಮ? ಸಕ್ರಿಯ ತಾಣ? ವಿಷ ಅಲ್ಲಿ ಕೂತಿದೆ."

ಓದಿದ್ದೆ, ಚಿತ್ರವನ್ನೂ ಬರೆದಿದ್ದೆ. ನರವು ಸ್ನಾಯುವಿಗೆ 'ಬಿಗಿ' ಎಂದು ಹೇಳುವುದು ಒಂದು ರಾಸಾಯನಿಕದ ಮೂಲಕ. ಹೇಳಿಯಾದೊಡನೆ ಅದನ್ನು ಕತ್ತರಿಸಿ ಹಾಕಲು ಒಂದು ಕಿಣ್ವವಿದೆ. ಆ ಕಿಣ್ವದ ಮೈಯಲ್ಲಿ ಒಂದು ಗುಳಿ, ಅದೇ ಸಕ್ರಿಯ ತಾಣ, ಕೆಲಸವೆಲ್ಲ ಅಲ್ಲೇ. ಬಂದ ರಾಸಾಯನಿಕ ಕೂರುತ್ತದೆ, ತುಂಡಾಗುತ್ತದೆ, ಎದ್ದು ಜಾಗ ಬಿಡುತ್ತದೆ, ಮದುವೆ ಮನೆಯ ಊಟದ ಪಂಕ್ತಿಯ ಹಾಗೆ. ವಿಷವೂ ಉಣ್ಣಲು ಬಂದವನಂತೆ ಕೂತು, ಗುಳಿಗೆ ಕಚ್ಚಿಕೊಂಡು ಏಳುವುದೇ ಇಲ್ಲ. ಕತ್ತರಿ ಬೀಳದೆ ಅಪ್ಪನ ಮೈಯೊಳಗೆ 'ಬಿಗಿ, ಬಿಗಿ' ಎಂಬ ಕೂಗು ನಿಲ್ಲುತ್ತಲೇ ಇರಲಿಲ್ಲ.

"ಈ ಸೂಜಿ ಅದನ್ನ ಎಬ್ಬಿಸ್ತದಾ ಸಾ?"

"ಇಲ್ಲ. ಕೂಗು ಕೇಳಿಸದ ಹಾಗೆ ಕಿವಿ ಮುಚ್ಚುತ್ತೆ, ಅಷ್ಟೇ. ಬಾಯಿ ಒಣಗೋವರೆಗೂ ಕೊಡ್ತಾ ಇರಬೇಕು. ಹೊಸ ಕಿಣ್ವಾನ ಮೈಯೇ ಹುಟ್ಟಿಸ್ಕೋಬೇಕು, ಅದಕ್ಕೆ ದಿನ ಹಿಡಿಯುತ್ತೆ."

ವರಾಂಡದಲ್ಲಿ ತಿರುಗಿದೆ. ಒಳಗೆ ಹೋಗಿ ಅಪ್ಪನ ತುಟಿ ನೋಡುವುದು, ಜೊಲ್ಲು ಒರೆಸುವುದು, ಮತ್ತೆ ಹೊರಗೆ. ಕಾಣದ ಆ ಗುಳಿಯ ಮೇಲೆ, ಪಂಪಿನ ಮೇಲೆ, ತಣ್ಣಗೆ ಸೊಪ್ಪು ಮೇಯುತ್ತಿದ್ದ ಆ ಹುಳುಗಳ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ನಾಲಗೆ ಆಡಿಸಿದ. "ನೀರು... ಬಾಯಿ ಒಣಗ್ತದೆ."

"ಓಯ್ತು ಕಣವ್ವ, ಕಡೇ ನೀರು ಕೇಳ್ತಾವ್ನೆ ನನ್ ಮಗ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ನಾನು ಅವಳನ್ನು ಬಾಚಿ ತಬ್ಬಿ ಹುಚ್ಚಿಯಂತೆ ನಕ್ಕೆ. ಅವ್ವ ನನ್ನ ಕೆನ್ನೆಗೆ ಒಂದು ಬಿಟ್ಟಳು. ಡಾಕ್ಟರು ಬಂದು "ಬದುಕಿಕೊಂಡ್ರು" ಎಂದ ಮೇಲೆಯೇ ಅವಳೂ ಅತ್ತದ್ದು.

ಸರಿಯಾಗಿ ಮಾತಾಡುವಷ್ಟಾದ ಮೇಲೆ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಹುಳ ಗೂಡು ಕಟ್ಟುದ್ವಾ?"

"ಸತ್ರೆ ಸಾಯ್ಲಿ ಅವು! ಒಳಕ್ ಬಂದು ತೊಳ್ಕಳಕೇನಾಗಿತ್ತು ನಿಂಗೆ?" ಎಂದು ನಾನು ರೇಗಿದೆ.

"ಅವು ಸಣ್ಣವು ಕಣವ್ವ. ನಾನು ಆಳೆತ್ರ ಇವ್ನಿ, ತಡ್ಕತೀನಿ ಅಂದ್ಕಂಡೆ."

"ಆ ವಿಷ ಕೂರೋ ಗುಳಿ ಹುಳದಲ್ಲೂ ಅಷ್ಟೇ ಕಣಪ್ಪ, ನಿನ್ನಲ್ಲೂ ಅಷ್ಟೇ."

ಅಪ್ಪ ತನ್ನ ಅಂಗೈ ನೋಡಿಕೊಂಡ. ಹೆಬ್ಬೆರಳ ಬುಡದ ಮಾಂಸ ಇನ್ನೂ ಸಣ್ಣಗೆ ಅದುರುತ್ತಿತ್ತು. ನನ್ನ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದೆ. ಅದುರುವುದು ನಿಲ್ಲಲಿಲ್ಲ.