ಛತ್ರಿ ಹಾಡಿನ ಸಾಹೇಬರಿಗೆ ಸನ್ಮಾನ

ಕಳೆದ ಶನಿವಾರ ನಾನು ವೃದ್ಧರೊಬ್ಬರಿಗೆ ನ್ಯಾಯ ದೊರಕಿಸಿಕೊಟ್ಟೆ. ಆಮೇಲೆ ಅದಕ್ಕಾಗಿ ಅವರ ಕ್ಷಮೆ ಕೇಳಿದೆ.

ಹೆರಾಲ್ಡ್ ಪಿಂಬಲ್ ಎಂಬ ಹೆಸರು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಆದರೆ ಪ್ರೇಯಸಿಯ ಮನೆಯಲ್ಲಿ ಬೇಕೆಂದೇ ಛತ್ರಿ ಮರೆತು ಬರುವ ಹುಡುಗನ ಪಾಪ್ ಗೀತೆ ಅವರದು. (ನಾವಿರುವ ಸಿಯಾಟಲ್ ಸುತ್ತಮುತ್ತಲ ಅಂಗಡಿಗಳಲ್ಲಿ ಆ ಹಾಡು ಕೇಳದೆ ತರಕಾರಿ ಕೊಳ್ಳುವುದು ಅಸಾಧ್ಯ.) ಇಂಗ್ಲೆಂಡಿನ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ರಟ್ಟಿನ ತುಂಡಿನ ಮೇಲೆ ಬರೆದದ್ದು. ಹಾಡಿದಾಕೆ ಜಗತ್ಪ್ರಸಿದ್ಧಳಾದಳು. ಬರೆದವರು ಜೀವಮಾನವಿಡೀ ಪರರ ಕಂಠಗಳಿಗೆ ಹಾಡು ಹೊಸೆದು, ಈಗ ಇಲ್ಲೇ ಹತ್ತಿರದ ಡುವಾಲ್ ಊರಿನಲ್ಲಿ ಮಗಳ ಮನೆಯಲ್ಲಿ ಕೋಳಿ ಸಾಕುತ್ತಿದ್ದಾರೆ. ನಾನು ಅವರ ಮೊಟ್ಟೆಯ ಗಿರಾಕಿ.

"ನೀವೇ ಎಂದಾದರೂ ವೇದಿಕೆಯಲ್ಲಿ ಹಾಡಿದ್ದೀರಾ?" ಎಂದು ಒಮ್ಮೆ ಕೇಳಿದೆ.

"ಯಾರೂ ಕರೆಯಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ ಹಾಡಬೇಕು" ಎಂದರು.

ಕಾಲೇಜಿನ ಚರ್ಚಾಪಟು ನನ್ನೊಳಗೆ ಎದ್ದು ನಿಂತ. ಅವರನ್ನು ಸನ್ಮಾನಿಸಿ ಹಾಡಿಸೋಣವೆಂದು ನಮ್ಮ ಕನ್ನಡ ಕೂಟದ ಮುಂದೆ ಪ್ರಸ್ತಾವ ಇಟ್ಟೆ. ಕಾರ್ಯದರ್ಶಿ ಬಸವರಾಜ ಬಾಗಲಕೋಟೆಯವರು. "ಸಾಹೇಬ್ರಿಗೆ ಕನ್ನಡ ತಿಳಿಯಂಗಿಲ್ಲ, ನಮಗ ಅವರ ಹಾಡು ತಿಳಿಯಂಗಿಲ್ಲ. ಸನ್ಮಾನ ಮಾಡಾಕ ಇನ್ನೇನ್ ಬೇಕ್ರಿ? ಆದ್ರ ಐದಕ್ಕ ಹಾಲ್ ಬಿಡಬೇಕ್ ನೋಡ್ರಿ, ಏರೋಬಿಕ್ಸ್‌ನವ್ರು ಬರ್ತಾರ" ಎಂದರು.

ಶೋರ್‌ಲೈನ್ ಬಡಾವಣೆಯ ಬಾಡಿಗೆ ಹಾಲ್. ನಾಲ್ಕು ಗಂಟೆ. ಮೈಸೂರು ಪೇಟ ಪಿಂಬಲ್ ಅವರ ಕಿವಿಯವರೆಗೆ ಇಳಿಯಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಬುಟ್ಟಿಯ ಅಡಿಯಲ್ಲಿ, ತೊಡೆಯ ಮೇಲೆ, ಅವರ ಗಿಟಾರ್.

ನಂತರ ಸನ್ಮಾನ ಪತ್ರದ ವಾಚನ. ಬರೆದವನು ನಾನು. ವಿಷಯ: ಗೀತರಚನೆಕಾರನ ಮೌನವೆಂಬ ಸಾಮಾಜಿಕ ಅನ್ಯಾಯ. ಪರವಾದ ವಾದ ಮಂಡಿಸಿದೆ. ವಿರೋಧಿಸುವವರು ಯಾರೂ ಇರಲಿಲ್ಲವಾದ್ದರಿಂದ ಆ ವಾದವನ್ನೂ ನಾನೇ ಮಂಡಿಸಿ, ಖಂಡಿಸಿದೆ. (ಕಾಲೇಜಿನಲ್ಲಾದರೆ ಗಂಟೆ ಬಾರಿಸುವವರೊಬ್ಬರು ಇರುತ್ತಿದ್ದರು.)

ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು ಅನನ್ಯಾ ಗಡಿಯಾರ ತೋರಿಸಿದಳು. "ಅಪ್ಪಾ, ಪ್ಲೀಸ್! ಜಸ್ಟ್ ಲೆಟ್ ಹಿಮ್ ಸಿಂಗ್!"

"ನಾನೂ ಅದನ್ನೇ ಪ್ರತಿಪಾದಿಸ್ತಿದೀನಿ, ಪುಟ್ಟಾ" ಎಂದು ಮೈಕಿನಲ್ಲೇ ಉತ್ತರಿಸಿ, ಎಂಟನೆಯ ಅಂಶಕ್ಕೆ ಸಾಗಿದೆ.

"ಇನ್ನಾದರೂ ಕವಿಯ ಕಂಠಕ್ಕೆ ಅವಕಾಶ ಕೊಡೋಣ!" ಎಂದು ಮುಗಿಸಿದಾಗ ಭಾರೀ ಚಪ್ಪಾಳೆ. ಪಿಂಬಲ್ ಎದ್ದರು. ತಂತಿ ಮೀಟಿದರು. ಬಾಗಿಲು ತೆರೆಯಿತು. ಚಾಪೆ ಹಿಡಿದ ಇಪ್ಪತ್ತು ಜನ ಒಳಗೆ ಬಂದರು.

ಐದು ಗಂಟೆ.

ಪಾರ್ಕಿಂಗ್ ಲಾಟಿನಲ್ಲಿ ತಲೆತಗ್ಗಿಸಿ ಕ್ಷಮೆ ಕೇಳಿದೆ. ಆಗ ಹಾಲಿನೊಳಗಿಂದ ಸ್ಪೀಕರ್ ಅಬ್ಬರಿಸಿತು. ಛತ್ರಿಯ ಹಾಡು! ಆ ಪ್ರಸಿದ್ಧ ಗಾಯಕಿಯ ಕಂಠದಲ್ಲಿ, ದುಪ್ಪಟ್ಟು ವೇಗದಲ್ಲಿ. ಕವಿ ಹೊರಗೆ, ಹಾಡು ಒಳಗೆ.

"ಎರಡನೆಯ ಸಾಲನ್ನು ಇವಳು ಮೊದಲಿನಿಂದಲೂ ತಪ್ಪಾಗಿಯೇ ಹಾಡುತ್ತಾಳೆ" ಎಂದರು ಪಿಂಬಲ್. ಪೇಟವನ್ನು ಹಿಂದಕ್ಕೆ ಸರಿಸಿ ಗಿಟಾರ್ ಎತ್ತಿಕೊಂಡರು. "ಇಲ್ಲಿಯೇ ಹಾಡಲೇ?"

"ಅವಶ್ಯವಾಗಿ! ಅದಕ್ಕೆ ಮೊದಲು ನಾನು ಎರಡು ಮಾತು..."

ಅನನ್ಯಾ ಬುಟ್ಟಿಯಿಂದ ಬಾಳೆಹಣ್ಣು ತೆಗೆದು, ಸುಲಿದು ನನ್ನ ಬಾಯಿಗೆ ತುರುಕಿದಳು.

ಅವರು ಹಾಡಿದರು. ಗೊಗ್ಗರು ದನಿ. ಹುಡುಗ ಛತ್ರಿ ಕೇಳುವ ನೆಪದಲ್ಲಿ ಮರಳಿ ಬರುವ ಸಾಲಿಗೆ ಅದು ನಡುಗಿತು. ಬಸವರಾಜ ಕಣ್ಣೊರೆಸಿಕೊಂಡರು. "ತಿಳೀತ್ ಬಿಡ್ರಿ" ಎಂದರು.

ಸನ್ಮಾನದಲ್ಲಿ ಹಣ್ಣಿನ ಬುಟ್ಟಿಯನ್ನು ಏಕೆ ಇಡುತ್ತಾರೆಂದು ನನಗೂ ತಿಳಿಯಿತು.