ಕಟ್ಟ ಬಿಡಿಸಿದ ದಿನ

ಕಾರ್ಕಳದ ಹತ್ತಿರ ನಮ್ಮ ಮನೆ. ಚಳಿ ಶುರುವಾದಾಗ ಮನೆ ಪಕ್ಕ ಹರಿಯುವ ತೋಡಿಗೆ ಅಡ್ಡ ಹಲಗೆ ಇಟ್ಟು, ಮಣ್ಣು ತುಂಬಿ ಕಟ್ಟ ಕಟ್ಟುತ್ತೇವೆ. ಅಲ್ಲಿ ನೀರು ನಿಂತರೆ ಮಾತ್ರ ನಮ್ಮ ಬಾವಿಗೆ ಬೇಸಿಗೆಯಲ್ಲಿ ಒರತೆ. ಮಳೆಗಾಲಕ್ಕೆ ಮೊದಲು ಹಲಗೆ ತೆಗೆಯುವುದು ಕ್ರಮ.

ಈ ಸಲ ಎಪ್ರಿಲಿನಲ್ಲೇ ಮಳೆ ಸುರಿಯಿತು. ಗುಡ್ಡದ ಮೇಲಿನ ಯೂನಿವರ್ಸಿಟಿಯ ಮಳೆನೀರಿನ ಚರಂಡಿ ಬಂದು ಬೀಳುವುದು ನಮ್ಮ ತೋಡಿಗೇ. ಹೊಸ ಕಟ್ಟಡದ ಸಿಮೆಂಟು ಕೆಸರು, ಬಸ್ಸು ನಿಲ್ಲಿಸುವಲ್ಲಿನ ಎಣ್ಣೆ ಎಲ್ಲ ಇಳಿದು ಕಟ್ಟದಲ್ಲಿ ನಿಂತಿತು. ಆ ವಾರವೇ ಬಾವಿ ನೀರು ನಾತ ಹೊಡೆಯಿತು.

"ಅತ್ತೆ, ಅನ್ನವೂ ಡೀಸೆಲ್ ವಾಸನೆ," ಎಂದಳು ಸೊಸೆ.

ಯೂನಿವರ್ಸಿಟಿಗೆ ಫೋನು ಮಾಡಿದ್ದಕ್ಕೆ ಅಲ್ಲಿಯ ಇಂಜಿನಿಯರ್ ಬಂದ.

"ನಮ್ಮ ಚರಂಡಿಯ ಕೆಸರು ತಡೆಯುವ ಹೊಂಡವನ್ನು ಮೇ ಕೊನೆಯೊಳಗೆ ಖಾಲಿ ಮಾಡಬೇಕು ಅಂತ ಪರ್ಮಿಟ್ಟಿನಲ್ಲಿ ಉಂಟು ಅಜ್ಜಿ. ನಾವು ನಿಯಮ ತಪ್ಪಲಿಲ್ಲ."

"ಮಳೆಗೆ ತೋರಿಸಿದ್ದೀಯಾ ಮಾರಾಯ, ಆ ಪರ್ಮಿಟ್ಟು? ಒಂದು ಚೊಂಬು ಸೇದಿ ಕೊಡುತ್ತೇನೆ, ಕುಡಿ."

ಅವನು ಕುಡಿಯಲಿಲ್ಲ. "ನಾಳೆಯೇ ಹೊಂಡ ಖಾಲಿ ಮಾಡಿಸುತ್ತೇನೆ. ಇಲ್ಲಿ ನಿಂತದ್ದನ್ನು ನೀವೇ ಬಿಡಬೇಕು," ಎಂದ.

ಬಿಟ್ಟರೆ ಬಾವಿ ಬತ್ತುತ್ತದೆ. ಬಿಡದಿದ್ದರೆ ಎಣ್ಣೆ ಕುಡಿಯಬೇಕು. ಬೇರೆ ದಾರಿ ಎಂತ ಉಂಟು? ನಾನೂ ಸೊಸೆಯೂ ತೋಡಿಗಿಳಿದು ಮೇಲಿನ ಹಲಗೆ ಕಿತ್ತೆವು. ಕಪ್ಪು ನೀರು ಕೆಳಗೆ ನುಗ್ಗಿತು. ಕೆಳಮನೆಯವಳು ದಡಕ್ಕೆ ಓಡಿ ಬಂದಳು.

"ಮುದುಕಿ, ನಿನಗೆ ಮಂಡೆ ಸರಿ ಉಂಟಾ? ನನಗೂ ಬಾವಿ ಇದೆ!"

ಅವಳು ಹೇಳಿದ್ದು ಸರಿಯೇ. ನಾನು ತಲೆ ಎತ್ತದೆ ಎರಡನೇ ಹಲಗೆಗೆ ಕೈ ಹಾಕಿದೆ.